ಜೀಪಿನ ಅಡಿಯಿಂದ ಸದ್ದು ಬರ್ತಿದೆಯಾ? ಕ್ರೌನ್ ಬಿಚ್ಚಿಸುವ ಮೊದಲು ಇಷ್ಟು ಮಾಡಿ

ಮಳೆ ನಿಂತು ಕಾಫಿ ಕೊಯ್ಲಿನ ತಯಾರಿ ಶುರುವಾಗುವ ಹೊತ್ತಿಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. "ಹಿಂದಿನಿಂದ ಗುಂಯ್ ಅಂತಿದೆ, ಕ್ರೌನ್ ಹೋಯ್ತಾ?" "ಕ್ಲಚ್ ಬಿಟ್ಟ ಕೂಡಲೇ ಟಣ್ ಅನ್ನುತ್ತೆ, ಗೇರ್ ಬಾಕ್ಸ್ ಇಳಿಸಬೇಕಾ?" "ಫೋರ್ ವೀಲ್ ಹಾಕಿ ತಿರುಗಿಸಿದರೆ ಮುಂದಿನಿಂದ ಕಟಕಟ ಸದ್ದು, ಏನದು?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲವನ್ನೂ ಒಂದು ಕಡೆ ಬರೆದಿಡುವುದು ಮೇಲು ಅನ್ನಿಸಿತು.

ಒಂದು ಮಾತು ಮೊದಲೇ ಹೇಳುತ್ತೇನೆ. ಜೀಪಿನ ಅಡಿಯ ಸದ್ದು ಎಲ್ಲಿಂದ ಬರುತ್ತಿದೆ ಎಂದು ಸೀಟಿನಲ್ಲಿ ಕೂತು ಕಿವಿಯಿಂದ ಹೇಳಲು ಹೋದರೆ ಮೋಸ ಹೋಗುತ್ತೀರಿ. ಇಡೀ ಚಾಸಿ ಕಬ್ಬಿಣ. ಮುಂದಿನ ಸದ್ದನ್ನು ಹಿಂದೆ, ಎಡದ್ದನ್ನು ಬಲಕ್ಕೆ ಹೊತ್ತು ತರುತ್ತದೆ. ಆದರೆ ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದು ಸುಳ್ಳು ಹೇಳುವುದಿಲ್ಲ. ನನ್ನದೇ ಜೀಪಿನಲ್ಲಿ ಒಮ್ಮೆ ಹಿಂದಿನ ಡಿಫರೆನ್ಶಿಯಲ್, ಅಂದರೆ ಎರಡು ಚಕ್ರಗಳ ನಡುವಿನ, ಕ್ರೌನ್ ಇರುವ ಗೇರು ಪೆಟ್ಟಿಗೆ, ಪೂರ್ತಿ ಬಿಚ್ಚಿಸಿ, ಎರಡು ದಿನ ಗಾಡಿ ನಿಲ್ಲಿಸಿ, ಕೊನೆಗೆ ಸಿಕ್ಕಿದ್ದು ಶಾಫ್ಟಿನ ತುದಿಯ ಕೀಲಿನಲ್ಲಿ ಒಣಗಿಹೋದ ಒಂದು ಕ್ರಾಸ್. ಅದನ್ನು ಹತ್ತು ನಿಮಿಷದಲ್ಲಿ ಅಂಗಳದಲ್ಲೇ ಕಂಡುಹಿಡಿಯಬಹುದಿತ್ತು.

ಇಲ್ಲಿ ಹೇಳುವುದು ಮಹೀಂದ್ರದ ಹಳೆಯ ಜೀಪುಗಳು, ಜಿಪ್ಸಿ, ಥಾರ್ ಇಂಥ ಗಾಡಿಗಳಿಗೆ. ಅಂದರೆ ಬೇಕಾದಾಗ ಮಾತ್ರ ಲಿವರ್ ಎಳೆದು ಫೋರ್ ವೀಲ್ ಹಾಕುವಂಥವು.

ಮೊದಲು ಶಕ್ತಿ ಹರಿಯುವ ದಾರಿ ತಲೆಯಲ್ಲಿರಲಿ. ಎಂಜಿನ್, ಅದರ ಹಿಂದೆ ಕ್ಲಚ್, ಆಮೇಲೆ ಗೇರ್ ಬಾಕ್ಸ್. ಅಲ್ಲಿಂದ ಟ್ರಾನ್ಸ್‌ಫರ್ ಕೇಸ್. ಇದು ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ, ಫೋರ್ ವೀಲ್ ಲಿವರ್ ಇರುವುದು ಇದಕ್ಕೇ. ಅದರಿಂದ ಎರಡು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಅಡಿಯಲ್ಲಿ ತಿರುಗುವ ಉದ್ದ ಕೊಳವೆಗಳು. ಅವುಗಳ ಎರಡೂ ತುದಿಯಲ್ಲಿ ಕೂಡು ಗುರುತಿನ ಆಕಾರದ ಕ್ರಾಸ್ ಜಾಯಿಂಟ್. ಆಮೇಲೆ ಡಿಫರೆನ್ಶಿಯಲ್, ಅದರೊಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಜೋಡಿ ಗೇರು. ಕೊನೆಗೆ ಆಕ್ಸಲ್, ಚಕ್ರದ ನಡುವೆ ಕೂರುವ ಹಬ್ ಬೇರಿಂಗ್, ಚಕ್ರ. ಹುಡುಕುವಾಗ ಈ ಸರಪಳಿಯನ್ನು ಒಂದೊಂದೇ ಕಡೆ ತುಂಡು ಮಾಡಿ ನೋಡುತ್ತಾ ಹೋಗುವುದಷ್ಟೇ ನಮ್ಮ ಕೆಲಸ.

ಬೇಕಾಗುವ ಸಾಮಾನು

ಜಾಕಿ, ಗಾಡಿಯ ಭಾರ ಹೊರುವ ಎರಡು ಗಟ್ಟಿ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ಕುಂಟೆ, ಟಾರ್ಚ್, ಉದ್ದದ ಸ್ಕ್ರೂ ಡ್ರೈವರ್ ಅಥವಾ ಟಾಮಿ, ಪಾನಾ ಸೆಟ್, ಗ್ರೀಸ್ ಗನ್, ಗುರುತು ಹಾಕಲು ಚಾಕ್ ಪೀಸ್ ಅಥವಾ ಬಣ್ಣ. ಒಂದು ಮೀಟರ್ ಉದ್ದದ ರಬ್ಬರ್ ಪೈಪ್ ಇದ್ದರೆ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಅನುಮಾನ ಇರುವ ಜಾಗದ ಹತ್ತಿರ ಹಿಡಿದು ಕೇಳಬಹುದು. ಜೊತೆಗೆ ಒಬ್ಬರು ಸಹಾಯಕ್ಕೆ ಇರಲೇಬೇಕು. ಒಬ್ಬರೇ ಮಾಡುವ ಕೆಲಸ ಅಲ್ಲ ಇದು.

ಎಚ್ಚರಿಕೆಯ ಮಾತುಗಳನ್ನು ದಯವಿಟ್ಟು ಓಡಿಸಿ ಓದಬೇಡಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ಹೋಗಬಾರದು. ಮಳೆಗಾಲದ ಮೆತ್ತನೆ ನೆಲದಲ್ಲಂತೂ ಜಾಕಿ ಸರಿದೇ ಸರಿಯುತ್ತದೆ. ಎಂಜಿನ್ ಓಡುತ್ತಿರುವಾಗ, ಗೇರಿನಲ್ಲಿರುವಾಗ ಕೆಳಗೆ ತಲೆ ಹಾಕಬಾರದು. ಒಂದು ಚಕ್ರ ಮಾತ್ರ ಎತ್ತಿ, ಫೋರ್ ವೀಲ್ ಹಾಕಿ, ಎಂಜಿನ್‌ನಿಂದ ತಿರುಗಿಸಿ ನೋಡೋಣ ಅನ್ನುವವರಿದ್ದಾರೆ. ನೆಲದ ಮೇಲಿರುವ ಉಳಿದ ಚಕ್ರಗಳು ಎಳೆದರೆ ಜೀಪು ಜಾಕಿಯಿಂದ ಹಾರಿಬಿಡುತ್ತದೆ. ಪಂಚೆ, ಲುಂಗಿ, ಶಾಲು ಉಟ್ಟುಕೊಂಡು ಶಾಫ್ಟಿನ ಹತ್ತಿರ ಬೇಡ. ತಿರುಗುವ ಶಾಫ್ಟ್ ಬಟ್ಟೆಯ ಒಂದು ತುದಿ ಸಿಕ್ಕರೂ ಸಾಕು, ಮನುಷ್ಯನನ್ನೇ ಎಳೆದುಕೊಳ್ಳುತ್ತದೆ.

ಹಂತ 1: ಸುಳ್ಳು ಸದ್ದುಗಳನ್ನು ಮೊದಲು ಕಳೆಯಿರಿ

ಸಡಿಲ ಜಾಕಿ, ಸ್ಟೆಪ್ನಿ, ಟೂಲ್ ಬಾಕ್ಸ್, ಹಿಂದಿನ ಡೋರಿನ ಚಿಲಕ, ಸೈಲೆನ್ಸರ್ ಹಿಡಿದಿರುವ ರಬ್ಬರ್, ನಂಬರ್ ಪ್ಲೇಟ್. ಇವೆಲ್ಲವನ್ನೂ ಬಿಗಿ ಮಾಡಿ ಅಥವಾ ಇಳಿಸಿಬಿಡಿ. ಜಲ್ಲಿ ರಸ್ತೆಯಲ್ಲಿ ಓಡಿದ ಗಾಡಿಯಲ್ಲಿ ಬ್ರೇಕ್ ಡ್ರಮ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಣ್ಣ ಕಲ್ಲು ಸಿಕ್ಕಿಕೊಂಡರೆ ಬೇರಿಂಗ್ ಪುಡಿಯಾದಂತೆಯೇ ಕಿರ್ರ್ ಅನ್ನುತ್ತದೆ.

ಆಮೇಲೆ ಟೈರು. ದಪ್ಪ ಗುಂಡಿಗಳ ಮಡ್ ಟೈರ್ ಡಾಂಬರಿನ ಮೇಲೆ ಊಂ ಅಂತ ಕೂಗುವುದು ಅದರ ಗುಣ. ಡಿಫರೆನ್ಶಿಯಲ್ ಕೂಗಿಗೂ ಇದಕ್ಕೂ ಗೊಂದಲವಾಗುವುದು ತೀರಾ ಸಾಮಾನ್ಯ. ಪರೀಕ್ಷೆ ಸುಲಭ. ಅದೇ ವೇಗದಲ್ಲಿ ನುಣುಪಾದ ಡಾಂಬರಿನಿಂದ ಮಣ್ಣಿನ ರಸ್ತೆಗೆ ಇಳಿಯಿರಿ. ಸದ್ದು ಬದಲಾದರೆ ಅಥವಾ ಮಾಯವಾದರೆ ಅದು ಟೈರಿನದ್ದು. ಡಿಫರೆನ್ಶಿಯಲಿಗೆ ಕೆಳಗಿರುವುದು ಮಣ್ಣೋ ಡಾಂಬರೋ ಗೊತ್ತಾಗುವುದಿಲ್ಲ, ಅಲ್ವಾ?

ಯು ಬೋಲ್ಟ್ ಕಡೆಗೂ ಒಮ್ಮೆ ನೋಡಿ. ಪಟ್ಟಿ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟಿ ಹಿಡಿಯುವುದು ಇದೇ. ಇದು ಸಡಿಲವಾದರೆ ಹೊರಡುವಾಗ ಒಂದು ಸಲ, ಬ್ರೇಕ್ ಹಾಕಿದಾಗ ಒಂದು ಸಲ ಧಡ್ ಅನ್ನುತ್ತದೆ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿಯುವ ಶ್ಯಾಕಲ್‌ನ ಬುಷ್ ಸವೆದರೂ ಹೀಗೇ. ಎರಡನ್ನೂ ಗೇರ್ ಬಾಕ್ಸಿನ ತಪ್ಪು ಅಂದುಕೊಳ್ಳುವವರು ಬಹಳ.

ಹಂತ 2: ನಿಂತಲ್ಲೇ ಕೇಳಿ

ಗಾಡಿ ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕುಂಟೆ ಕೊಡಿ. ಎಂಜಿನ್ ಬಿಸಿಯಾಗುವವರೆಗೆ ಓಡಲಿ. ಗೇರು ನ್ಯೂಟ್ರಲ್.

ಕ್ಲಚ್ ಪೆಡಲಿನಿಂದ ಕಾಲು ಪೂರ್ತಿ ತೆಗೆಯಿರಿ. ಗೊರಗೊರ ಸದ್ದಿದೆ, ಪೆಡಲ್ ಒತ್ತಿದ ಕೂಡಲೇ ನಿಲ್ಲುತ್ತದೆ ಅಂದರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗಿನ ಮೇಲೆ ಅನುಮಾನ, ಅದರಲ್ಲೂ ಮುಂದಿನ ಇನ್‌ಪುಟ್ ಶಾಫ್ಟಿನದ್ದು. ಇದಕ್ಕೆ ತದ್ವಿರುದ್ಧವಾಗಿ, ಪೆಡಲ್ ಒತ್ತಿದಾಗ ಸದ್ದು ಶುರುವಾಗಿ ಬಿಟ್ಟಾಗ ನಿಂತರೆ ಅದು ಕ್ಲಚ್ ರಿಲೀಸ್ ಬೇರಿಂಗ್. ಎರಡೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಖರ್ಚು. ಮೆಕ್ಯಾನಿಕ್‌ಗೆ ಈ ಒಂದು ವಿಷಯ ಸರಿಯಾಗಿ ಹೇಳಿದರೇ ಅರ್ಧ ದಿನ ಉಳಿಯುತ್ತದೆ.

ನಿಂತಲ್ಲಿ ಯಾವ ಸದ್ದೂ ಇಲ್ಲ, ಓಡುವಾಗ ಮಾತ್ರ ಇದೆ ಅಂದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಓಡಿಸಿ ಕೇಳಿ, ಬರೆದಿಟ್ಟುಕೊಳ್ಳಿ

ಈ ಹಂತಕ್ಕೆ ಅರ್ಧ ಗಂಟೆ ಕೊಡಿ. ಉಳಿದೆಲ್ಲ ಇದರ ಮೇಲೇ ನಿಂತಿದೆ. ಜನ ಇಲ್ಲದ, ನೇರವಾದ, ಸಮತಟ್ಟು ರಸ್ತೆ ಆರಿಸಿ. ತಿರುವಿನ ಪರೀಕ್ಷೆಗೆ ಕಾಫಿ ಒಣಗಿಸುವ ಕಣ ಖಾಲಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಫೋನನ್ನು ಗಾಡಿಯ ನೆಲಕ್ಕೆ ಇಟ್ಟು ರೆಕಾರ್ಡ್ ಮಾಡಿ, ಆದರೆ ತೀರ್ಮಾನ ಕಿವಿಯಿಂದಲೇ ಆಗಲಿ.

ಮೊದಲನೆಯದು, ಸದ್ದಿನ ಲಯ. ನಡಿಗೆಗಿಂತ ಸ್ವಲ್ಪ ಜೋರು, ಸುಮಾರು 10 ಕಿಲೋಮೀಟರ್ ವೇಗದಲ್ಲಿ ಹೋಗಿ. ಹಳೆಯ ಜೀಪಿನ 16 ಇಂಚಿನ ತೆಳು ಟೈರಿನ ಸುತ್ತಳತೆ ಎರಡೂಕಾಲು ಮೀಟರಿನ ಆಸುಪಾಸು. ಹಾಗಾಗಿ ಈ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದು ಸುತ್ತಿಗಿಂತ ಚೂರು ಜಾಸ್ತಿ ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಚಕ್ರದ ಒಂದು ಸುತ್ತಿಗೆ ನಾಲ್ಕೈದು ಸುತ್ತು ಹಾಕುತ್ತದೆ, ಅಂದರೆ ಸೆಕೆಂಡಿಗೆ ಐದಾರು. ಈಗ ಎಣಿಸಿ. ಟಕ್... ಟಕ್... ಅಂತ ನಿಧಾನ ಬಡಿತ ಇದ್ದರೆ ಚಕ್ರ, ಹಬ್, ಬ್ರೇಕ್ ಡ್ರಮ್ ಅಥವಾ ಆಕ್ಸಲ್. ಕೀಚ್ ಕೀಚ್ ಕೀಚ್ ಅಂತ ಎಣಿಸಲು ಕಷ್ಟವಾಗುವಷ್ಟು ಬೇಗ ಬಂದರೆ ಶಾಫ್ಟ್, ಕ್ರಾಸ್ ಅಥವಾ ಪಿನಿಯನ್. ಈ ಒಂದು ಎಣಿಕೆ ನಿಮ್ಮ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಎರಡನೆಯದು, ಎಂಜಿನ್‌ಗೆ ಸಂಬಂಧ ಇದೆಯಾ? 40 ಕಿಲೋಮೀಟರ್ ವೇಗದಲ್ಲಿ ನೇರ ರಸ್ತೆಯಲ್ಲಿ ಹೋಗುವಾಗ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಗಾಡಿ ತಾನಾಗಿ ಉರುಳಲಿ. ಎಂಜಿನ್ ಇಳಿದರೂ ಸದ್ದು ಹಾಗೇ ಇದ್ದರೆ ಅದು ಗೇರ್ ಬಾಕ್ಸಿನಿಂದ ಹಿಂದೆ ಎಲ್ಲೋ ಇದೆ. ಎಂಜಿನ್ ಜೊತೆಗೇ ಇಳಿದರೆ ಎಂಜಿನ್, ಕ್ಲಚ್, ಗೇರ್ ಬಾಕ್ಸ್. ಎಂಜಿನ್ ಆಫ್ ಮಾತ್ರ ಮಾಡಬೇಡಿ, ಬ್ರೇಕ್ ಗಟ್ಟಿಯಾಗಿಬಿಡುತ್ತದೆ. ಘಾಟಿ ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ.

ಮೂರನೆಯದು, ಭಾರ. ಆಕ್ಸಲರೇಟರ್ ಒತ್ತಿ ಎಳೆಸುವಾಗ, ಒಂದೇ ವೇಗದಲ್ಲಿ ಹಿಡಿದಾಗ, ಕಾಲು ತೆಗೆದು ಗೇರಿನಲ್ಲೇ ಇಳಿಯಲು ಬಿಟ್ಟಾಗ. ಈ ಮೂರರಲ್ಲಿ ಯಾವಾಗ ಜಾಸ್ತಿ? ಎಳೆಸುವಾಗ ಕೂಗಿ ಕಾಲು ತೆಗೆದಾಗ ನಿಲ್ಲುವುದು, ಅಥವಾ ಕಾಲು ತೆಗೆದಾಗ ಮಾತ್ರ ಕೂಗುವುದು, ಎರಡೂ ಹಲ್ಲುಗಳ ಕಥೆ, ಅಂದರೆ ಕ್ರೌನ್ ಪಿನಿಯನ್ ಅಥವಾ ಪಿನಿಯನ್ ಬೇರಿಂಗ್. ಮೂರರಲ್ಲೂ ಒಂದೇ ಥರ ಗೊರ್ ಅಂದರೆ ಹಬ್ ಬೇರಿಂಗ್ ಕಡೆ ನೋಡಿ.

ನಾಲ್ಕನೆಯದು, ತಿರುವು. ವೇಗದಲ್ಲಿ ಎಡಕ್ಕೆ ವಾಲಿದಾಗ ಸದ್ದು ಹೆಚ್ಚಾಗಿ ಬಲಕ್ಕೆ ವಾಲಿದಾಗ ಕಮ್ಮಿಯಾದರೆ ಹಬ್ ಬೇರಿಂಗ್. ಎಡಕ್ಕೆ ತಿರುಗಿದಾಗ ಭಾರ ಬಲದ ಚಕ್ರದ ಮೇಲೆ ಬೀಳುತ್ತದೆ, ಹಾಗಾಗಿ ಆಗ ಕೂಗುವುದು ಸಾಮಾನ್ಯವಾಗಿ ಬಲದ್ದು. ಕಣದಲ್ಲಿ ನಿಧಾನವಾಗಿ ಪೂರ್ತಿ ಸ್ಟೇರಿಂಗ್ ತಿರುಗಿಸಿ ಸುತ್ತು ಹಾಕುವಾಗ ಮಾತ್ರ ಹಿಂದಿನಿಂದ ಕರಕರ ಬಂದು, ನೇರ ಹೋದಾಗ ನಿಂತರೆ ಡಿಫರೆನ್ಶಿಯಲ್ ಒಳಗಿನ ಸಣ್ಣ ಗೇರುಗಳು. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬೇಕಾದಾಗ ಮಾತ್ರ ಅವಕ್ಕೆ ಕೆಲಸ.

ಐದನೆಯದು, ಟೂ ವೀಲ್‌ನಲ್ಲಿ ಇದೆಯಾ, ಫೋರ್ ವೀಲ್‌ನಲ್ಲಿ ಮಾತ್ರವಾ? ಇದಕ್ಕೆ ಕೊನೆಯಲ್ಲಿ ಒಂದು ಹಂತವನ್ನೇ ಇಟ್ಟಿದ್ದೇನೆ.

ಹಂತ 4: ಶಾಫ್ಟ್ ಮತ್ತು ಕ್ರಾಸ್

ನನ್ನ ಅನುಭವದಲ್ಲಿ ತೋಟದ ಜೀಪುಗಳ ಸದ್ದಿಗೆ ಅತಿ ಹೆಚ್ಚು ಕಾರಣವಾಗುವುದು ಇದೇ. ಕೆಸರು, ಹಳ್ಳ, ಭಾರ ಮೂರೂ ಇದರ ಮೇಲೇ. ಕೊಡಚಾದ್ರಿ, ಮಾಂದಲಪಟ್ಟಿಯಂಥ ಏರುಗಳಲ್ಲಿ ದಿನಾ ಜನ ಹೊತ್ತು ಓಡುವ ಗಾಡಿಗಳಿಗಂತೂ ಕೇಳುವುದೇ ಬೇಡ.

ಕ್ರಾಸಿನ ನಾಲ್ಕು ತುದಿಗೂ ಒಂದೊಂದು ಕಪ್ ಇರುತ್ತದೆ. ಒಳಗೆ ಸೂಜಿಯಂಥ ಸಣ್ಣ ರೋಲರ್‌ಗಳು. ನೀರು ಒಳಗೆ ಹೋಗಿ ಗ್ರೀಸ್ ತೊಳೆದರೆ ಮೊದಲು ಹಕ್ಕಿ ಚಿಲಿಪಿಲಿಯಂತೆ ಕೀಚ್ ಕೀಚ್ ಬರುತ್ತದೆ, ಅದೂ ನಿಧಾನ ವೇಗದಲ್ಲಿ. ಆಮೇಲೆ ಗೇರ್ ಹಾಕಿ ಕ್ಲಚ್ ಬಿಟ್ಟಾಗ, ಮುಂದೆ ಹೋಗಿ ರಿವರ್ಸ್ ತೆಗೆದುಕೊಂಡಾಗ ಟಣ್ ಶುರು. ಕೊನೆಗೆ ವೇಗದಲ್ಲಿ ನಡುಕ. ಚಿಲಿಪಿಲಿ ಹಂತದಲ್ಲೇ ಹಿಡಿದರೆ ಗ್ರೀಸಿನಲ್ಲಿ ಮುಗಿಯಬಹುದು. ನಡುಕದ ಹಂತಕ್ಕೆ ಬಂದ ಮೇಲೆ ಓಡಿಸಬೇಡಿ. ಕ್ರಾಸ್ ಮುರಿದು ಶಾಫ್ಟ್ ಕಳಚಿದರೆ ಅಡಿಯನ್ನೆಲ್ಲ ಬಡಿದು ಬ್ರೇಕ್ ಪೈಪನ್ನೂ ಕಿತ್ತುಹಾಕಬಹುದು.

ಪರೀಕ್ಷೆ ಹೀಗೆ. ಎಂಜಿನ್ ಆಫ್, ಚಕ್ರಗಳಿಗೆ ಕುಂಟೆ, ಗೇರ್ ನ್ಯೂಟ್ರಲ್. ಟಾರ್ಚ್ ಹಿಡಿದು ಪ್ರತಿ ಕಪ್ಪಿನ ಅಂಚು ನೋಡಿ. ಕೆಂಪು ತುಕ್ಕಿನ ಪುಡಿ ಉದುರಿದ್ದರೆ ಆ ಕಪ್ ಒಣಗಿದೆ. ಆಮೇಲೆ ಜಾಯಿಂಟಿನ ಎರಡು ಕವಲುಗಳ ನಡುವೆ ಟಾಮಿ ತೂರಿಸಿ ಮೆಲ್ಲಗೆ ಮೀಟಿ. ಕಪ್ಪಿನೊಳಗೆ ಕ್ರಾಸ್ ಕಣ್ಣಿಗೆ ಕಾಣುವಷ್ಟು ಅಲುಗಿದರೆ ಅದು ಹೋದಂತೆಯೇ.

ಇಲ್ಲೊಂದು ಕಡೆ ಎಲ್ಲರೂ ಎಡವುತ್ತಾರೆ. ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿದಾಗ ಸ್ವಲ್ಪ ಆಚೀಚೆ ಆಡುವುದು ಸಹಜ. ಗೇರಿನ ಹಲ್ಲುಗಳ ನಡುವೆ ಸಂದು ಇರಲೇಬೇಕು, ಅದೆಲ್ಲ ಕೂಡಿ ಅಷ್ಟು ಆಟ ಬರುತ್ತದೆ. ಅದನ್ನು ನೋಡಿ ಕ್ರೌನ್ ಸವೆದಿದೆ ಅನ್ನಬೇಡಿ. ಕ್ರಾಸ್ ತನ್ನ ಕಪ್ಪಿನೊಳಗೆ ಅಲುಗುವುದು ಮಾತ್ರ ಸ್ವಲ್ಪವೂ ಇರಬಾರದು.

ಗ್ರೀಸ್ ನಿಪ್ಪಲ್ ಇದ್ದರೆ ಹಳೆಯ ಗ್ರೀಸ್ ನಾಲ್ಕೂ ಕಪ್ಪಿನ ಸೀಲಿನಿಂದ ಹೊರಗೆ ಇಣುಕುವವರೆಗೆ ಗನ್ ಒತ್ತಿ. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ನಾಲ್ಕನೆಯದು ಒಣಗೇ ಉಳಿಯಿತು ಅಂತ ಅರ್ಥ. ಸದ್ದು ಮಾಡುವುದೂ ಅದೇ, ಮೊದಲು ಹೋಗುವುದೂ ಅದೇ. ಶಾಫ್ಟಿನ ನಡುವೆ ಉದ್ದ ಹೆಚ್ಚುಕಮ್ಮಿಯಾಗುವ ಜಾರು ಜಾಯಿಂಟ್ ಇದೆಯಲ್ಲ, ಅದಕ್ಕೂ ನಿಪ್ಪಲ್ ಇರುತ್ತದೆ, ಮರೆಯಬೇಡಿ. ನಿಂತ ಗಾಡಿ ಹೊರಡುವಾಗ ಒಂದೇ ಒಂದು ಟಕ್ ಬರುವುದು ಎಷ್ಟೋ ಸಲ ಈ ಜಾರು ಜಾಯಿಂಟ್ ಒಣಗಿದ್ದಕ್ಕೇ. ಮಳೆಗಾಲದಲ್ಲಿ ನಾನು ತಿಂಗಳಿಗೊಮ್ಮೆ ಗ್ರೀಸ್ ಹೊಡೆಯುತ್ತೇನೆ, ಆಳದ ಹಳ್ಳ ದಾಟಿದರೆ ಅವತ್ತೇ.

ಶಾಫ್ಟ್ ಬಿಚ್ಚುವ ಮೊದಲು ಎರಡು ಕಡೆ ಬಣ್ಣದ ಗುರುತು ಹಾಕಿ. ಒಂದು, ಫ್ಲ್ಯಾಂಜ್, ಅಂದರೆ ತುದಿಯಲ್ಲಿ ಬೋಲ್ಟ್ ಹಾಕುವ ತಟ್ಟೆ, ಕೂಡುವ ಕಡೆ. ಇನ್ನೊಂದು, ಜಾರು ಜಾಯಿಂಟ್ ಕೂಡುವ ಕಡೆ. ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು. ಓರೆಯಲ್ಲಿ ತಿರುಗುವ ಒಂದು ಕ್ರಾಸ್ ಶಾಫ್ಟಿನ ವೇಗದಲ್ಲಿ ಏರುಪೇರು ಮಾಡುತ್ತದೆ, ಇನ್ನೊಂದು ತುದಿಯದು ಅದನ್ನು ಸರಿದೂಗಿಸುತ್ತದೆ. ಒಂದು ಹಲ್ಲು ತಪ್ಪಿ ಕೂಡಿಸಿದರೂ ಆ ಲೆಕ್ಕ ಕೆಡುತ್ತದೆ. ಹೊಸ ಕ್ರಾಸ್ ಹಾಕಿಸಿದ ಮೇಲೆ ನಡುಕ ಶುರುವಾಯಿತು ಅನ್ನುವ ದೂರಿಗೆ ಮೊದಲು ಇದನ್ನೇ ನೋಡಿ. ಸ್ಪ್ರಿಂಗ್ ಎತ್ತರಿಸಿ ದೊಡ್ಡ ಟೈರ್ ಹಾಕಿಸಿದವರಿಗೂ ಒಂದು ಮಾತು. ಗಾಡಿ ಎತ್ತರವಾದಷ್ಟೂ ಶಾಫ್ಟಿನ ಓರೆ ಹೆಚ್ಚುತ್ತದೆ. ಆ ನಡುಕ ಕ್ರಾಸ್ ಬದಲಿಸಿದರೆ ಹೋಗುವುದಿಲ್ಲ.

ಜಿಪ್ಸಿ ಇಟ್ಟುಕೊಂಡವರು ಇನ್ನೂ ಎರಡು ಕಡೆ ನೋಡಬೇಕು. ಅದರಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಮುಂದಿನದು ಹಿಂದಿನದು ಎರಡನ್ನೂ ನೋಡಿ ಈ ಗಿಡ್ಡದ್ದನ್ನು ಬಿಟ್ಟುಬಿಡುತ್ತಾರೆ. ಮತ್ತೆ, ಆ ಟ್ರಾನ್ಸ್‌ಫರ್ ಕೇಸ್ ಕೂತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ. ರಬ್ಬರ್ ಹರಿದಿದ್ದರೆ ಕ್ಲಚ್ ಬಿಟ್ಟಾಗ ಇಡೀ ಪೆಟ್ಟಿಗೆಯೇ ಎದ್ದು ಬೀಳುತ್ತದೆ.

ಹಂತ 5: ಹಬ್ ಬೇರಿಂಗ್

ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಹಬ್ಬಿನ ಹತ್ತಿರ ಅಂಗೈಯ ಹಿಂಭಾಗ ಹಿಡಿಯಿರಿ. ನೇರ ಮುಟ್ಟಬೇಡಿ, ಸುಡಬಹುದು. ಒಂದು ಮಾತ್ರ ಉಳಿದ ಮೂರಕ್ಕಿಂತ ಜಾಸ್ತಿ ಬಿಸಿ ಇದ್ದರೆ ಬೇರಿಂಗ್ ಅಥವಾ ಹಿಡಿದುಕೊಂಡ ಬ್ರೇಕ್. ಆ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಎರಡು ಕೈಯಲ್ಲಿ ಹಿಡಿದು ಅಲುಗಿಸಿ. ಆಡಿದರೆ ಒಬ್ಬರು ಬ್ರೇಕ್ ತುಳಿಯಲಿ, ನೀವು ಮತ್ತೆ ಅಲುಗಿಸಿ. ಈಗ ಆಟ ನಿಂತರೆ ಬೇರಿಂಗ್. ಆಗಲೂ ಇದ್ದರೆ, ಮುಂದಿನ ಚಕ್ರವಾದರೆ, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್, ಅಂದರೆ ಸ್ಟೇರಿಂಗಿಗೆ ಚಕ್ರ ಹೊರಳುವ ಕೀಲು. ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಇನ್ನೊಂದು ಕೈ ಸ್ಪ್ರಿಂಗಿನ ಮೇಲೆ ಇಡಿ. ಕೆಟ್ಟ ಬೇರಿಂಗಿನ ಒರಟು ಸ್ಪ್ರಿಂಗಿನಲ್ಲಿ ಕೈಗೆ ಗೊತ್ತಾಗುತ್ತದೆ.

ಹಳೆಯ ಜೀಪುಗಳ ಮುಂದಿನ ಹಬ್ಬಿನಲ್ಲಿ ನಟ್ಟು ಬಿಗಿ ಮಾಡಿ ಆಟ ತೆಗೆಯಬಹುದು. ಆದರೆ ಸದ್ದು ಮಾಡುವ ಬೇರಿಂಗನ್ನು ಬಿಗಿ ಮಾಡಿದರೆ ಸದ್ದು ಹೋಗುವುದಿಲ್ಲ, ಬೇರಿಂಗ್ ಸುಟ್ಟುಹೋಗುತ್ತದೆ.

ಹಂತ 6: ಡಿಫರೆನ್ಶಿಯಲ್, ಮೊದಲು ಆಯಿಲ್ ನೋಡಿ

ಇಲ್ಲಿಗೆ ಬರುವ ಹೊತ್ತಿಗೆ ಬಹುಪಾಲು ಗಾಡಿಗಳ ತೊಂದರೆ ಸಿಕ್ಕಿರುತ್ತದೆ. ಸಿಗದಿದ್ದರೆ ಮಾತ್ರ ಮುಂದುವರಿಯಿರಿ.

ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನ ಡ್ರೈನ್ ಪ್ಲಗ್. ಈ ಕ್ರಮ ತಪ್ಪಿಸಬೇಡಿ. ಆಯಿಲೆಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬಿಚ್ಚಲು ಬರದಿದ್ದರೆ ಗಾಡಿ ಅಲ್ಲೇ ನಿಂತಂತೆ. ಆಯಿಲನ್ನು ಬಿಳಿ ತಟ್ಟೆಗೆ ಹಿಡಿಯಿರಿ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಬಿಸಿಯಾದ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲು ಮತ್ತು ಗಾಳಿ ತೂತಿನಿಂದ ನೀರು ಎಳೆದುಕೊಳ್ಳುತ್ತದೆ. ಹೌಸಿಂಗ್ ಮೇಲಿರುವ ಆ ಗಾಳಿ ತೂತು, ಬ್ರೀದರ್ ಅನ್ನುತ್ತಾರೆ, ಕೆಸರಿನಿಂದ ಮುಚ್ಚಿದ್ದರೆ ಇನ್ನೂ ಕೆಡುಕು. ಬಿಸಿಯಾದಾಗ ಒತ್ತಡ ಹೊರಹೋಗಲು ದಾರಿ ಇಲ್ಲದೆ ಆಯಿಲ್ ಸೀಲಿನಿಂದ ಹೊರಗೆ ನುಗ್ಗುತ್ತದೆ. ಆಯಿಲ್ ಕಮ್ಮಿಯಾಗಿ ಗೇರು ಕೂಗುತ್ತದೆ. ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಓಡಿಸಿದ್ದರೆ ಆಯಿಲ್ ನೋಡಲು ಸದ್ದು ಬರುವವರೆಗೆ ಕಾಯಬೇಡಿ.

ಡ್ರೈನ್ ಪ್ಲಗ್ಗಿನಲ್ಲಿ ಆಯಸ್ಕಾಂತ ಇದ್ದರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಕೂತಿರುತ್ತದೆ. ಅದು ಸಾಮಾನ್ಯ ಸವೆತ, ಹೆದರಬೇಡಿ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಮಾತ್ರ ಬಿಚ್ಚಲೇಬೇಕು.

ಆಯಿಲ್ ಹಾಕುವಾಗ ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಡಿಫರೆನ್ಶಿಯಲಿಗೆ ಸಾಮಾನ್ಯವಾಗಿ ಜಿಎಲ್ 5 ದರ್ಜೆಯದು ಬೇಕಾಗುತ್ತದೆ. ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಭಾರ ಹೊರುತ್ತವೆ, ಅವಕ್ಕೆ ಗಟ್ಟಿ ಪದರ ಬೇಕು. ಅದೇ ಆಯಿಲನ್ನು ಗೇರ್ ಬಾಕ್ಸಿಗೂ ಸುರಿಯಬೇಡಿ. ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವ ಎಷ್ಟೋ ಗೇರ್ ಬಾಕ್ಸ್‌ಗಳಿಗೆ ಜಿಎಲ್ 4 ಹೇಳಿರುತ್ತಾರೆ. ಒಂದೇ ಡಬ್ಬಿಯಿಂದ ಎಲ್ಲದಕ್ಕೂ ಹಾಕುವ ಅಭ್ಯಾಸ ಬಹಳ ಕಡೆ ಇದೆ, ಎದುರಿಗೆ ನಿಂತು ನೋಡಿಕೊಳ್ಳಿ.

ಆಮೇಲೆ ಶಾಫ್ಟ್ ಕೂಡುವ ಪಿನಿಯನ್ ಫ್ಲ್ಯಾಂಜನ್ನು ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ. ತಿರುಗುವ ದಿಕ್ಕಿನ ಸಣ್ಣ ಆಟ ಇರಲಿ, ಈ ಎರಡು ದಿಕ್ಕಿನಲ್ಲಿ ಆಟ ಇರಬಾರದು. ಇದ್ದರೆ ಪಿನಿಯನ್ ಬೇರಿಂಗ್ ಹೋಗಿದೆ. ಹಾಗಂತ ನಡುವಿನ ದೊಡ್ಡ ನಟ್ಟನ್ನು ಸುಮ್ನೆ ಬಿಗಿ ಮಾಡಬೇಡಿ. ಆ ಬೇರಿಂಗ್ ಮೇಲೆ ಎಷ್ಟು ಒತ್ತಡ ಇರಬೇಕು ಅನ್ನುವುದು ಅಳತೆಯ ಕೆಲಸ. ಹೆಚ್ಚಾದರೆ ಹೊಸ ಬೇರಿಂಗೂ ಸುಡುತ್ತದೆ.

ಹೌಸಿಂಗ್ ಬಿಚ್ಚುವುದನ್ನು ಮನೆಯಲ್ಲಿ ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬರುತ್ತವೆ, ಒಂದನ್ನು ಮಾತ್ರ ಬದಲಿಸಬಾರದು. ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ತಾಗುತ್ತಿದೆ ಎಂದು ನೋಡಬೇಕು, ಡಯಲ್ ಗೇಜಿನಲ್ಲಿ ಸಂದು ಅಳೆಯಬೇಕು. ಇದಿಲ್ಲದೆ ಅಂದಾಜಿಗೆ ಕೂರಿಸುವ ಗ್ಯಾರೇಜಿಗೆ ಕೊಡಬೇಡಿ. ಮೊದಲಿಗಿಂತ ಜಾಸ್ತಿ ಕೂಗುವ ಗಾಡಿ ವಾಪಸ್ ಬರುತ್ತದೆ.

ಹಂತ 7: ಫೋರ್ ವೀಲ್ ಹಾಕಿದಾಗ ಮಾತ್ರ ಬರುವ ಸದ್ದು

ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ನನ್ನ ಉತ್ತರ ಒಂದೇ. ಡಾಂಬರಿನ ಮೇಲೆ ಫೋರ್ ವೀಲ್ ಹಾಕಬೇಡಿ.

ಕಾರಣ ಇದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಆದರೆ ಈ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ಬಿಗಿಯಾಗಿ, ಒಂದೇ ವೇಗದಲ್ಲಿ ತಿರುಗುತ್ತವೆ. ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಕೆಸರಿನಲ್ಲಿ, ಜಲ್ಲಿಯಲ್ಲಿ ಚಕ್ರ ಚೂರು ಜಾರಿ ಅದನ್ನು ಕಳೆದುಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ. ಆ ಬಿಗಿತ ಶಾಫ್ಟಿನಲ್ಲಿ, ಆಕ್ಸಲಿನಲ್ಲಿ ಹಗ್ಗ ಹೊಸೆದಂತೆ ಕೂಡುತ್ತಾ ಹೋಗಿ ಒಂದು ಸಲ ಟಣ್ ಅಂತ ಬಿಡುತ್ತದೆ. ಟೈರ್ ಕೀರಲುತ್ತದೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ, ಲಿವರ್ ವಾಪಸ್ ಬರುವುದೇ ಇಲ್ಲ. ಆಗ ಲಿವರನ್ನು ಬಡಿಯಬೇಡಿ. ನೇರವಾಗಿ ಕೆಲವು ಮೀಟರ್ ರಿವರ್ಸ್ ಹೋಗಿ, ಬಿಗಿತ ಬಿಡುತ್ತದೆ, ಲಿವರ್ ತಾನಾಗಿ ಬರುತ್ತದೆ. ಮುಂದೆ ಹೊಸ ಟೈರ್, ಹಿಂದೆ ಸವೆದ ಟೈರ್ ಇದ್ದರೆ ನೇರ ರಸ್ತೆಯಲ್ಲೂ ಇದೇ ಆಗುತ್ತದೆ, ಏಕೆಂದರೆ ಸುತ್ತಳತೆ ಬೇರೆ.

ಆದ್ದರಿಂದ ಫೋರ್ ವೀಲ್ ಪರೀಕ್ಷೆಯನ್ನು ಮಣ್ಣಿನ ಮೇಲೆಯೇ ಮಾಡಿ. ನಿಧಾನವಾಗಿ ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ. ಮುಂದಿನ ಚಕ್ರದಿಂದ ಕಟ್ ಕಟ್ ಕಟ್ ಅಂತ ಚಕ್ರದ ಜೊತೆಗೇ ಬಂದರೆ ಸಿವಿ ಜಾಯಿಂಟ್. ಸ್ಟೇರಿಂಗ್ ತಿರುಗಿದರೂ ಚಕ್ರಕ್ಕೆ ಶಕ್ತಿ ತಲುಪಿಸುವ ಜಾಯಿಂಟ್ ಅದು. ಥಾರ್‌ನಲ್ಲಿ ಅದಕ್ಕೆ ರಬ್ಬರ್ ಬೂಟ್ ಇರುತ್ತದೆ. ಹರಿದಿದೆಯಾ, ಸುತ್ತಮುತ್ತ ಗ್ರೀಸ್ ಚೆಲ್ಲಿದೆಯಾ ನೋಡಿ. ಜಿಪ್ಸಿಯಲ್ಲಿ ಜಾಯಿಂಟ್ ಚಕ್ರದ ಹಿಂದಿನ ಗುಂಡನೆ ಹೌಸಿಂಗಿನೊಳಗೆ ಇರುತ್ತದೆ. ಹೊರಗಿನ ಸೀಲಿನಿಂದ ಗ್ರೀಸ್ ಮತ್ತು ಆಯಿಲ್ ಕಲಸಿದ ರಾಡಿ ಸೋರುತ್ತಿದ್ದರೆ ಒಳಗೆ ಸರಿಯಿಲ್ಲ. ಕೆಲವು ಹಳೆಯ ಜೀಪುಗಳ ಮುಂದಿನ ಆಕ್ಸಲಿನಲ್ಲಿ ಸಿವಿ ಬದಲು ಕ್ರಾಸೇ ಇರುತ್ತದೆ. ಅವುಗಳಲ್ಲಿ ಪೂರ್ತಿ ತಿರುಗಿಸಿದಾಗ ಸ್ಟೇರಿಂಗ್ ಸ್ವಲ್ಪ ಜಗ್ಗುವುದು ಸಹಜ, ಕೆಟ್ಟಿದೆ ಅಂತಲ್ಲ.

ಮುಂದಿನ ಹಬ್ಬಿನಲ್ಲಿ ಕೈಯಿಂದ ತಿರುಗಿಸುವ ಲಾಕ್ ಇದ್ದರೆ ಎರಡೂ ಕಡೆ ಒಂದೇ ಸ್ಥಿತಿಯಲ್ಲಿರಬೇಕು. ಅರ್ಧ ಕೂತ ಲಾಕ್ ಕರ್ರ್ ಅಂತ ಹಲ್ಲು ಹಾರಿಸುತ್ತದೆ. ಈ ಲಾಕ್ ಇನ್ನೊಂದು ಕೆಲಸಕ್ಕೂ ಬರುತ್ತದೆ. ಟೂ ವೀಲ್‌ನಲ್ಲಿ ಓಡುವಾಗಲೂ ಲಾಕ್ ಹಾಕಿದ್ದರೆ ಮುಂದಿನ ಡಿಫರೆನ್ಶಿಯಲ್ ಮತ್ತು ಶಾಫ್ಟ್ ಸುಮ್ನೆ ತಿರುಗುತ್ತಿರುತ್ತವೆ. ಲಾಕ್ ತೆಗೆದಾಗ ಸದ್ದು ನಿಂತರೆ ತೊಂದರೆ ಮುಂದಿದೆ, ಹಿಂದೆ ಹುಡುಕಬೇಡಿ. ಲಾಕ್ ಇಲ್ಲದ ಹಳೆಯ ಗಾಡಿಗಳಲ್ಲಿ ಮುಂದಿನ ಶಾಫ್ಟ್ ಬಿಚ್ಚಿಟ್ಟು ಟೂ ವೀಲ್‌ನಲ್ಲಿ ಓಡಿಸಿ ನೋಡಬಹುದು. ಹಿಂದಿನ ಶಾಫ್ಟ್ ಬಿಚ್ಚುವಾಗ ಮಾತ್ರ ಜಾಗ್ರತೆ. ಹಳೆಯ ಕೆಲವು ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂದೆ. ಶಾಫ್ಟ್ ಬಿಚ್ಚಿದರೆ ಹ್ಯಾಂಡ್ ಬ್ರೇಕೂ ಇಲ್ಲ, ಗೇರ್ ಹಾಕಿ ನಿಲ್ಲಿಸಿದರೂ ನಿಲ್ಲುವುದಿಲ್ಲ. ಕುಂಟೆ ತೆಗೆಯಬೇಡಿ.

ಲೋ ಗೇರಿನಲ್ಲಿ ಟ್ರಾನ್ಸ್‌ಫರ್ ಕೇಸ್ ಊಂ ಎಂದು ಕೂಗುವುದು ಹಳೆಯ ಗಾಡಿಗಳಲ್ಲಿ ಸಹಜ. ಮೊದಲಿನಿಂದಲೂ ಅಷ್ಟೇ ಇದ್ದರೆ ಬಿಟ್ಟುಬಿಡಿ. ಹೊಸದಾಗಿ ಗೊರಗೊರ ಸೇರಿಕೊಂಡರೆ, ಅಥವಾ ಇಳಿಜಾರಿನಲ್ಲಿ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ, ಬೇರಿಂಗ್ ಮತ್ತು ಗೇರು ಎರಡನ್ನೂ ತೋರಿಸಲೇಬೇಕು. ಘಾಟಿಯಲ್ಲಿ ಲಿವರ್ ಜಾರಿದರೆ ಎಂಜಿನ್ ಹಿಡಿತ ಪೂರ್ತಿ ಹೋಗಿ ಬರೀ ಬ್ರೇಕಿನ ಮೇಲೆ ಬೀಳುತ್ತೀರಿ. ಅಂಥ ಗಾಡಿಯಲ್ಲಿ ಆಳುಗಳನ್ನು ಕೂರಿಸಿಕೊಂಡು ಹೋಗಬೇಡಿ.

ಹಂತ 8: ಗ್ಯಾರೇಜಿಗೆ ಹೋದಾಗ

"ಸದ್ದು ಬರ್ತಿದೆ, ನೋಡಿ" ಅಂತ ಗಾಡಿ ಬಿಟ್ಟು ಬರಬೇಡಿ. "40ರಲ್ಲಿ ಎಳೆಸುವಾಗ ಬರುತ್ತೆ, ಕಾಲು ತೆಗೆದರೆ ನಿಲ್ಲುತ್ತೆ, ನ್ಯೂಟ್ರಲ್‌ನಲ್ಲಿ ಇಲ್ಲ, ತಿರುವಿಗೂ ಅದಕ್ಕೂ ಸಂಬಂಧ ಇಲ್ಲ" ಅಂತ ಹೇಳಿ. ಆಮೇಲೆ ಮೆಕ್ಯಾನಿಕ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ. ಹಳೆಯ ಬಿಡಿಭಾಗವನ್ನು ಕೇಳಿ ತೆಗೆದುಕೊಳ್ಳಿ. ಕ್ರಾಸಿನ ಒಣಗಿದ ಕಪ್, ಗುಳಿಬಿದ್ದ ಬೇರಿಂಗ್ ಕೈಯಲ್ಲಿ ಹಿಡಿದು ನೋಡಿದರೆ ಮುಂದಿನ ಸಲ ಅದೇ ಸದ್ದು ಬಂದಾಗ ನಿಮಗೇ ಗೊತ್ತಾಗುತ್ತದೆ.

ಕೆಲಸ ಮುಗಿದು ಮನೆಗೆ ತಂದ ಮೇಲೆ ಸುಮಾರು 50 ಕಿಲೋಮೀಟರ್ ಓಡಿಸಿ. ಆಮೇಲೆ ಶಾಫ್ಟಿನ ಫ್ಲ್ಯಾಂಜ್ ಬೋಲ್ಟ್‌ಗಳು, ಯು ಬೋಲ್ಟ್, ಚಕ್ರದ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿ. ಹೊಸದಾಗಿ ಬಿಗಿದವು ಒಮ್ಮೆ ಕೂತ ಮೇಲೆ ಸಡಿಲ ಬಿಡುತ್ತವೆ. ಡ್ರೈನ್ ಪ್ಲಗ್ ಸುತ್ತ ಒದ್ದೆ ಇದೆಯಾ ಎಂದು ಬೆರಳು ಸವರಿ ನೋಡಿ. ಕಾಫಿ ಮೂಟೆ ಹೇರುವುದು ಅದಾದ ಮೇಲೆ.